ಹೇಳದೆ ಹೊಡೆದ ವಜೀರ

ಶಹಾಪುರದ ನಮ್ಮ ಚೆಸ್ ಕ್ಲಬ್ಬಿನಲ್ಲಿ ಸುರಪುರದವರ ಎದುರು ಸೋತ ದಿನ ನಾನು ಎದುರು ಕೂತವನ ಮುಂಗೈ ಹಿಡಿದು ಕಳ್ಳ ಎಂದೆ. ಹದಿನೈದು ಜನರ ಮುಂದೆ ಎಂದೆ. ಅವನು ನನ್ನ ವಜೀರನನ್ನು, ರಾಜನ ಪಕ್ಕದ ದೊಡ್ಡ ಕಾಯಿಯನ್ನು, ಹೊಡೆದಿದ್ದ. ಹೊಡೆಯುವ ಮೊದಲು ಹೇಳಿರಲಿಲ್ಲ. ನಾನು ಕಲಿತ ಆಟದಲ್ಲಿ ಅದು ಕಳವು.

ನಾನು ಆಟ ಕಲಿತದ್ದು ಭೀಮರಾಯನಗುಡಿಯ ಕ್ಯಾಂಪಿನಲ್ಲಿ. ನನ್ನ ಗಂಡ ಅಲ್ಲಿ ಕಾಲುವೆಯ ಗೇಟು ಕಾಯುತ್ತಿದ್ದ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಗೇಟಿಗೆ ಹೋಗಿ ಬಂದರೆ ಅವನ ಕೆಲಸ ಮುಗಿಯಿತು. ನಡುವಿನ ಮಧ್ಯಾಹ್ನ ಪೂರಾ ಖಾಲಿ. ಕ್ಯಾಂಪಿನ ಓವರ್‌ಸಿಯರ್ ಒಬ್ಬ ಅವನಿಗೆ ಆಟ ಕಲಿಸಿದ್ದ. ಓವರ್‌ಸಿಯರ್ ದಿನಾ ಬರುತ್ತಿರಲಿಲ್ಲ, ಆದರೆ ಮಧ್ಯಾಹ್ನ ದಿನಾ ಬರುತ್ತಿತ್ತು. ಅದಕ್ಕೆ ಗಂಡ ನನ್ನನ್ನು ಕೂರಿಸಿದ. ಕ್ವಾರ್ಟರ್ಸಿನ ಮುಂದಿನ ಸಿಮೆಂಟಿನ ಕಟ್ಟೆಯ ಮೇಲೆ ಮೊಳೆಯಿಂದ ಅರವತ್ತನಾಲ್ಕು ಮನೆ ಗೀಚಿದ. ಕಾಯಿಗಳನ್ನು ಯಾದಗಿರಿಯಿಂದ ತಂದ.

ನನಗೆ ಖಾಲಿ ಹೊತ್ತು ಇರಲಿಲ್ಲ. ಎಮ್ಮೆ ಇತ್ತು, ನೀರು ಹೊರುವುದಿತ್ತು, ಕಂಕುಳಲ್ಲಿ ಹಸುಗೂಸು ಮಗಳಿದ್ದಳು. ಮೊದಮೊದಲು ನನ್ನ ವಜೀರ ಹತ್ತು ನಡೆಯೊಳಗೆ ಹೋಗುತ್ತಿದ್ದ. ವಜೀರ ಹೋದ ಮೇಲೆ ಉಳಿದ ಕಾಯಿ ಇಟ್ಟುಕೊಂಡು ಏನು ಮಾಡುವುದು? ಕಾಯಿಗಳನ್ನು ಕೈಯಿಂದ ಸವರಿ ಚೆಲ್ಲಿ ಎದ್ದು ಹೋಗುತ್ತಿದ್ದೆ. ಒಂದು ದಿನ ಗಂಡ ಒಂದು ಕಾಯ್ದೆ ಹೇಳಿದ.

"ಏ, ಕೇಳಿಲ್ಲಿ. ವಜೀರನ ಮ್ಯಾಲ ಬಂದ್ರ ಬಾಯಿಬಿಟ್ಟು 'ವಜೀರ' ಅಂತ ಹೇಳಬೇಕು. ಹೇಳದ ಹೊಡಿಯೋದು ಹಲಕಟ್ ಮಂದಿ ಆಟ."

"ರಾಜಗ ಶಹ ಅಂದಂಗ?"

"ಹಾಂ, ಹಂಗ. ನೀನೂ ಹೇಳಬೇಕು, ನಾನೂ ಹೇಳಬೇಕು."

ಮೂವತ್ತೊಂದು ವರ್ಷ ಹಾಗೆ ಆಡಿದೆವು. ಅವನು ಬೆರಳಿನಿಂದ ಕಟ್ಟೆಯನ್ನು ಎರಡು ಸಲ ಬಡಿದು "ವಜೀರ" ಎನ್ನುತ್ತಿದ್ದ. ನಾನು ಬಡಿಯುತ್ತಿರಲಿಲ್ಲ, ಬರೀ ಹೇಳುತ್ತಿದ್ದೆ. ಹೇಳುವುದು ಬಂದ ಮೇಲೆ ನಾನು ಎದ್ದು ಹೋಗಲಿಲ್ಲ. ಆಟ ಸಂಜೆಯ ಗೇಟಿನ ಹೊತ್ತಿನ ತನಕ ನಡೆಯುತ್ತಿತ್ತು. ಬರಬರುತ್ತ ನಾನು ಗೆಲ್ಲತೊಡಗಿದೆ. ಬಹಳ ಸಲ ಗೆದ್ದೆ. ಕ್ಯಾಂಪಿನ ಹೆಂಗಸರು ನೀರಿನ ಟಾಕಿಯ ಹತ್ತಿರ "ಗಂಡನ್ನ ಸೋಲಸೂವಾಕಿ ಬಂದ್ಲು ನೋಡ್ರೆ" ಎನ್ನುತ್ತಿದ್ದರು. ನನಗೆ ಅದು ಸೇರುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಗಂಡ ಸತ್ತ. ಕ್ವಾರ್ಟರ್ಸ್ ಬಿಡಬೇಕಾಯಿತು. ಶಹಾಪುರದಲ್ಲಿ ಮಗಳ ಮನೆಗೆ ಬಂದೆ. ಅಲ್ಲಿ ಸುಮ್ಮನೆ ಕೂರುವುದು ಆಗದೆ ಒಂದು ಹೊಲಿಗೆ ಅಂಗಡಿಯಲ್ಲಿ ಕಾಜಾ, ಗುಂಡಿ ಕೆಲಸ ಹಿಡಿದೆ. ಅಂಗಿಗೆ ಗುಂಡಿ ಹಚ್ಚುವುದು, ಗುಂಡಿ ತೂರುವ ಕಾಜಾ ಕೈಯಿಂದ ಹೆಣೆಯುವುದು. ಆ ಅಂಗಡಿಯ ಮೇಲಿನ ಖೋಲಿಯೇ ಚೆಸ್ ಕ್ಲಬ್. ಭಾನುವಾರ ಮೇಲಿನಿಂದ ಕುರ್ಚಿ ಎಳೆಯುವ ಸಪ್ಪಳ, ನಡುನಡುವೆ ಗಡಿಯಾರದ ಗುಂಡಿ ಬಡಿಯುವ ಸಪ್ಪಳ. ಒಂದು ಭಾನುವಾರ ಹತ್ತಿ ಹೋಗಿ ಬಾಗಿಲಲ್ಲಿ ನಿಂತೆ. ಚಹಾದ ಕಪ್ಪು ಒಯ್ಯಲು ಬಂದಿದ್ದೇನೆ ಎಂದು ಒಬ್ಬ ನನ್ನ ಕೈಗೆ ಎರಡು ಖಾಲಿ ಕಪ್ಪು ಕೊಟ್ಟ. ನಾನು ಅವನ್ನು ಕಿಟಕಿಯಲ್ಲಿಟ್ಟು ಅವನ ಎದುರಿನ ಖಾಲಿ ಕುರ್ಚಿಯಲ್ಲಿ ಕೂತೆ. ಅವನನ್ನು ಸೋಲಿಸಿದೆ. ಅಂದಿನಿಂದ ನಾನು ಕ್ಲಬ್ಬಿನವಳು.

ಕ್ಲಬ್ಬಿನ ಸೆಕ್ರೆಟರಿ ರಿಟೈರ್ ಆದ ಹೈಸ್ಕೂಲ್ ಮಾಸ್ತರ. ಒಳ್ಳೆಯ ಮನುಷ್ಯ, ಆದರೆ ಎಲ್ಲರನ್ನೂ ಏಳನೆಯ ಇಯತ್ತೆಯ ಹುಡುಗರಂತೆ ನೋಡುತ್ತಾನೆ. ಕ್ಲಬ್ಬಿನಲ್ಲಿ ಎಲ್ಲರೂ ತಮ್ಮ ನಡೆಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳುತ್ತಾರೆ, ಯಾವ ಕಾಯಿ ಯಾವ ಮನೆಗೆ ಹೋಯಿತು ಎಂದು. ನಾನು ಸಗರದ ಸಾಲೆಗೆ ಎರಡು ವರ್ಷ ಹೋದವಳು. ಬಸ್ಸಿನ ಬೋರ್ಡು ಓದುತ್ತೇನೆ, ಅಂಕಿ ಬರುತ್ತವೆ. ಮನೆಗಳ ಹೆಸರು ಇಂಗ್ಲಿಷ್ ಅಕ್ಷರದಲ್ಲಿದ್ದವು. ಮಾಸ್ತರ ಮೊದಲ ದಿನವೇ ಹೇಳಿದ, "ಆಯಿ, ನೀವು ಬರಿಯೋದು ಬ್ಯಾಡ ಬಿಡ್ರಿ. ನಿಮಗ್ಯಾಕ ತ್ರಾಸು." ನಾನು ಹೂಂ ಎಂದೆ. ಆ ಹೂಂ ನನ್ನದೇ ತಪ್ಪು.

ವರ್ಷದ ಮೇಲೆ ಸುರಪುರದ ಕ್ಲಬ್ಬಿನವರ ಜೊತೆ ಪಂದ್ಯ ಗೊತ್ತಾಯಿತು. ನಾಲ್ಕು ಜನ ನಾಲ್ಕು ಜನರ ಎದುರು, ಮೊದಲು ಶಹಾಪುರದಲ್ಲಿ, ತಿಂಗಳ ಮೇಲೆ ಸುರಪುರದಲ್ಲಿ. ನನಗೆ ನಾಲ್ಕನೆಯ ಬೋರ್ಡ್ ಕೊಟ್ಟರು. ನನ್ನ ಎದುರಿಗೆ ಬಂದವನು ದನದ ದವಾಖಾನೆಯ ಕಂಪೌಂಡರ್, ನಲವತ್ತರ ಹತ್ತಿರದವನು. ಕೈಗೆ ಔಷಧದ ವಾಸನೆ ಇತ್ತು.

ಆ ದಿನ ನಾನು ಚೆನ್ನಾಗಿ ಆಡಿದೆ. ನನ್ನ ಎರಡೂ ಆನೆಗಳು ಅವನ ರಾಜನ ಕಡೆ ತಿರುಗಿದ್ದವು. ಇನ್ನು ಒಂದು ಪ್ಯಾದೆ ದೂಡಿದರೆ ಅವನ ಗೋಡೆ ಒಡೆಯುತ್ತದೆ ಎಂದು ನನ್ನ ಕಣ್ಣು ಆ ಕಡೆಗೇ ಇತ್ತು. ಅವನು ಈ ಕಡೆ ಒಂದು ಕುದುರೆ ಎತ್ತಿ ಇಟ್ಟ. ಶಹ ಅನ್ನಲಿಲ್ಲ. ಏನೂ ಅನ್ನಲಿಲ್ಲ. ಏನೂ ಅನ್ನದಿದ್ದರೆ ನೋಡುವಂಥದ್ದು ಏನೂ ಇಲ್ಲ ಎಂದು ನಾನು ಪ್ಯಾದೆ ದೂಡಿದೆ. ಅವನು ಬಹಳ ಹೊತ್ತು ಯೋಚನೆ ಮಾಡಿ ಆ ಕುದುರೆಯನ್ನು ಎತ್ತಿ ನನ್ನ ವಜೀರನ ಮನೆಯಲ್ಲಿಟ್ಟು ವಜೀರನನ್ನು ತೆಗೆದುಕೊಂಡ.

ನಾನು ಅವನ ಮುಂಗೈ ಹಿಡಿದೆ. "ಕಳ್ಳ!"

ಖೋಲಿಯೆಲ್ಲ ತಿರುಗಿ ನೋಡಿತು. ಅವನಿಗೆ ಏನೂ ತಿಳಿಯಲಿಲ್ಲ. "ಯಾಕ್ರಿ ಆಯಿ, ನಾ ಏನ್ ಕದ್ದೀನ್ರಿ?"

"ವಜೀರನ ಮ್ಯಾಲ ಬಂದಿ. ಹೇಳೀಯೇನು?"

"ಹೇಳಬೇಕೇನ್ರಿ?"

ಸುರಪುರದ ಇನ್ನೊಬ್ಬ ತನ್ನ ಬೋರ್ಡಿನಿಂದಲೇ ಕೂಗಿದ, "ಪತ್ರಾ ಬರದು ಹೇಳಬೇಕಿತ್ತು ನೋಡೋ, ರಿಜಿಸ್ಟ್ರಿ ಮಾಡಿ!" ಎಲ್ಲರೂ ನಕ್ಕರು. ನಮ್ಮ ಕ್ಲಬ್ಬಿನವರೂ ನಕ್ಕರು. ಮಾಸ್ತರ ಬಂದು ನನ್ನ ಬೆರಳುಗಳನ್ನು ಅವನ ಮುಂಗೈಯಿಂದ ಒಂದೊಂದೇ ಬಿಡಿಸಿ, "ಅಂಥಾ ಕಾಯ್ದೆ ಇಲ್ರಿ ಆಯಿ. ರಾಜಗ ಶಹ ಅನ್ನೋದು ಸುದ್ದಾ ಜರೂರಿಲ್ಲ" ಎಂದ. ನಾನು ಎದ್ದು ಹೋಗಲಿಲ್ಲ. ಹಠ ಹಿಡಿದು ಇನ್ನೂ ಎಂಟು ನಡೆ ಆಡಿದೆ. ಒಂಬತ್ತನೆಯದಕ್ಕೆ ಮಾತ್ ಆಯಿತು. ಸುರಪುರದವರು ಮೂರು ಬೋರ್ಡ್ ಗೆದ್ದರು.

ಸೋತದ್ದಕ್ಕಿಂತ ಆಮೇಲಿನದು ನನ್ನನ್ನು ಹೆಚ್ಚು ಸುಟ್ಟಿತು. ಉಳಿದ ಇಬ್ಬರು ಸೋತವರನ್ನು ಮಾಸ್ತರ ನಿಲ್ಲಿಸಿಕೊಂಡು ಬೈದ. ತನ್ನ ಒಂಟೆಯನ್ನು ಕೊನೆಯ ತನಕ ನಡೆಸದ ಒಬ್ಬನಿಗೆ "ಒಂಟೀನ ಮನ್ಯಾಗ ಮಲಗಿಸಿ ಬಂದಿದ್ದೇನಲೇ?" ಎಂದ. ನನ್ನನ್ನು ಬೈಯಲಿಲ್ಲ. ನನ್ನ ಬೆನ್ನ ಮೇಲೆ ಕೈಯಿಟ್ಟು, "ಈ ವಯಸ್ಸಿನ್ಯಾಗ ನೀವು ಬಂದು ಕುಂತಿದ್ದೇ ದೊಡ್ಡದ್ರಿ" ಎಂದ.

"ಕುಂದ್ರಾಕ ಬಂದಿದ್ದಿಲ್ಲ ನಾ."

"ಸಿಟ್ಟಿಗೇಳಬ್ಯಾಡ್ರಿ."

"ಅವರಿಗೆ ಬೈದಂಗ ನನಗೂ ಬಯ್ರಿ."

ಅವನು ನಕ್ಕ. ಬೈಯಲಿಲ್ಲ.

ಮುಂದಿನ ಭಾನುವಾರ ಹೋದಾಗ ವಿಷಯ ಗೊತ್ತಾಯಿತು. ಸುರಪುರದ ಪಂದ್ಯಕ್ಕೆ ನಾಲ್ಕನೆಯ ಬೋರ್ಡಿನಲ್ಲಿ ಕೃಷಿ ಕಾಲೇಜಿನ ಒಬ್ಬ ವಿದ್ಯಾರ್ಥಿಯನ್ನು ಹಾಕಿದ್ದರು. ಮಾಸ್ತರ ನನಗೆ ಒಂದು ಕುರ್ಚಿ ಕೊಟ್ಟು ಮೆತ್ತಗೆ ಹೇಳಿದ, "ನೀವೂ ಬರ್ರಿ ನಮ್ಮ ಕೂಡ. ಅಲ್ಲಿ ಪಂದ್ಯಾ ಮುಗದ ಮ್ಯಾಲ ನಿಮಗೊಂದು ಶಾಲು ಹೊದಸಬೇಕಂತ ಮಾಡೇವಿ. ಹಿರಿಯ ಆಟಗಾರ್ತಿ ಅಂತ."

"ಯಾಕ, ನನಗ ಚಳಿ ಬಂದೈತೇನು?"

"ಮರ್ಯಾದಿ ಮಾಡೂದ್ರಿ."

"ಸೋತಾಕಿಗಿ ಎಂಥಾ ಮರ್ಯಾದಿ? ಬೋರ್ಡ್ ಕೊಡ್ರಿ. ಅವನ ಜೋಡಿನೇ ಆಡ್ತೀನಿ."

ಅವನು ಹೇಳಿದ, ಸುರಪುರದವರು ಬಿಗಿ ಮಾಡಿದ್ದಾರೆ, ಮತ್ತೆ ಜಗಳ ಆಗಬಾರದು ಎಂದು ಎಲ್ಲ ಆಟಗಾರರೂ ನಡೆ ಬರೆಯಲೇಬೇಕು ಎಂದಿದ್ದಾರೆ. ಜಗಳ ಮಾಡಿದವಳು ನಾನೇ ಎಂಬುದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ನಾನು ಬರೆಯುತ್ತೇನೆ ಎಂದೆ. ಅವನು ಗೋಡೆಯ ಕ್ಯಾಲೆಂಡರ್ ನೋಡಿದ. ಆಮೇಲೆ ಹೇಳಿದ, ಪಂದ್ಯದ ಹಿಂದಿನ ಭಾನುವಾರ ಒಂದು ಪೂರಾ ಆಟ ತಪ್ಪಿಲ್ಲದೆ ಬರೆದು ತೋರಿಸಿದರೆ ಬೋರ್ಡ್ ನಿಮ್ಮದು, ಇಲ್ಲದಿದ್ದರೆ ಆ ಹುಡುಗನದು. ಪಂದ್ಯಕ್ಕೆ ಮೂರು ವಾರ ಉಳಿದಿತ್ತು.

"ಮೊದಲು ನಾ ಎಲ್ಲಿ ಸೋತೆ ಅಂತ ತೋರಸ್ರಿ" ಎಂದೆ.

"ನಿಮ್ಮ ಹಾಳಿ ಎಲ್ಲೈತ್ರಿ ಆಯಿ, ತೋರಸಾಕ?"

"ನೀವೇ ಬ್ಯಾಡ ಅಂದ್ರಿ."

ಆಟ ನಡೆದದ್ದು ಒಂದೇ ಹಾಳೆಯಲ್ಲಿ ಉಳಿದಿತ್ತು, ಅದು ಕಂಪೌಂಡರನ ಹತ್ತಿರ ಇತ್ತು.

ಮರುದಿನ ಸುರಪುರದ ಬಸ್ಸು ಹತ್ತಿದೆ. ದನದ ದವಾಖಾನೆ ಹುಡುಕುವುದು ಕಷ್ಟವಾಗಲಿಲ್ಲ. ಅವನು ಒಂದು ಎತ್ತಿಗೆ ಸೂಜಿ ಚುಚ್ಚುತ್ತಿದ್ದ, ಎತ್ತಿನವನು ಮೂಗುದಾರ ಹಿಡಿದು ನಿಂತಿದ್ದ. ನನ್ನನ್ನು ನೋಡಿ ಕಂಪೌಂಡರ್ ಸೂಜಿಯನ್ನು ಮೇಲೆತ್ತಿದ.

"ಬರ್ರಿ ಆಯಿ. ಏನ್ರಿ, ಕಳ್ಳ ಅಂದದ್ದು ತಿರುಗಿ ತಗೊಳ್ಳಾಕ ಬಂದೀರೇನ್ರಿ?"

"ಇಲ್ಲ. ನಿನ್ನ ಹಾಳಿ ನೋಡಾಕ ಬಂದೀನಿ. ಕದ್ದಿದ್ದು ಖರೆ ಇದ್ರ ಇನ್ನೊಮ್ಮಿ ಅಂತೀನಿ."

ಎತ್ತಿನವನು, "ಇಕಿನೇ ಏನು, ವಜೀರನ ಆಯಿ?" ಎಂದು ಅವನನ್ನು ಕೇಳಿದ. ಆಗ ಗೊತ್ತಾಯಿತು, ಸುದ್ದಿ ಇಡೀ ಊರಿಗೆ ಹಬ್ಬಿತ್ತು. ಕಂಪೌಂಡರ್ ಮುಖ ಕೆಂಪು ಮಾಡಿಕೊಂಡು ನನಗೆ ಹೇಳಿದ, "ನೀವು ಒಮ್ಮಿ ಅಂದು ಹೋದ್ರಿ. ನಾ ಇಲ್ಲಿ ದಿನಾ ಅನಸ್ಕೊಳ್ಳಾಕತ್ತೀನಿ. ಆಕಳ ತಂದಾವ್ರು ಸುದ್ದಾ 'ವಜೀರ ಕಳ್ಳ ಅದಾನೇನು ಒಳಗ' ಅಂತ ಕೇಳಿ ಬರತಾರ." ಅವನಿಗೂ ಸಿಟ್ಟಿತ್ತು. ಅದು ನನಗೆ ಒಳ್ಳೆಯದೆನಿಸಿತು. ಬೆನ್ನ ಮೇಲೆ ಕೈಯಿಡುವವರಿಗಿಂತ ಸಿಟ್ಟಾಗುವವನು ಮೇಲು.

ಕೆಲಸ ಮುಗಿದ ಮೇಲೆ ಮನೆಗೆ ಕರೆದುಕೊಂಡು ಹೋದ. ಅವನ ಹೆಂಡತಿ ರೊಟ್ಟಿ, ಪುಂಡಿಪಲ್ಯ ಹಾಕಿದಳು. ಉಂಡ ಮೇಲೆ ಅವನು ಬೋರ್ಡ್ ತೆಗೆದು, ರಿಜಿಸ್ಟರಿನ ನಡುವಿನಿಂದ ಆ ಹಾಳೆ ತೆಗೆದು, ಒಂದೊಂದೇ ನಡೆ ಓದುತ್ತ ಇಬ್ಬರ ಕಾಯಿಗಳನ್ನೂ ನಡೆಸಿದ. ನಾನು ಆಡಿದ ಆಟ ನನ್ನ ಮುಂದೆ ಮತ್ತೆ ನಡೆಯಿತು. ಅಂಥದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಮೂವತ್ತೊಂದು ವರ್ಷ ಆಡಿದ ಒಂದು ಆಟವೂ ನನ್ನ ಹತ್ತಿರ ಉಳಿದಿಲ್ಲ.

ಹತ್ತೊಂಬತ್ತನೆಯ ನಡೆಗೆ ಅವನು ಕುದುರೆ ಇಟ್ಟು ನಿಲ್ಲಿಸಿದ. "ಇಲ್ಲಿತನಕ ನಿಮ್ಮದೇ ಆಟ ಇತ್ರಿ. ನಾ ಸೋತಿದ್ದೆ. ಈ ಕುದರಿ ಸುಮ್ನ ಒಂದು ಆಶಾಕ್ಕ ಇಟ್ಟೆ. ನೀವು ವಜೀರನ್ನ ತಗೀಲಿಲ್ಲ, ಪ್ಯಾದೆ ದೂಡಿದ್ರಿ. ನಾ ಹತ್ತು ಮಿಂಟ್ ಹೆದರಿ ಕುಂತೆ. ಇಷ್ಟು ಚಲೋ ಆಡಾಕಿ ವಜೀರನ್ನ ಸುಮ್ನ ಬಿಡಂಗಿಲ್ಲ, ಏನೋ ಡಾವ್ ಹಾಕ್ಯಾಳ ಅಂತ."

"ನಾ ನೋಡಲೇ ಇಲ್ಲ ಅದನ್ನ."

"ಕಣ್ಣ ಮುಂದನ ಐತಲ್ರಿ."

"ನೀ ಹೇಳಲಿಲ್ಲ. ಹೇಳದಿದ್ರ ನಾ ನೋಡಂಗಿಲ್ಲ." ಆ ಮಾತು ನನ್ನ ಬಾಯಿಂದ ಬಂದ ಮೇಲೆ ನನಗೇ ಕೇಳಿಸಿತು. ಆದರೂ ಬಿಡಲಿಲ್ಲ. ಭೀಮರಾಯನಗುಡಿಯ ಕ್ಯಾಂಪಿನಲ್ಲಿ ಅದೇ ಕಾಯ್ದೆ ಇತ್ತು, ನನ್ನ ಗಂಡ ಅಲ್ಲಿಯೇ ಕಲಿತದ್ದು ಎಂದೆ.

ಅವನು ತಲೆ ಕೆರೆದುಕೊಂಡ. "ದೊಡ್ಡವರು ಯಾರೂ ಹಂಗ ಆಡಂಗಿಲ್ರಿ. ನಾ ನನ್ನ ಮಗಳಿಗಿ ಹೇಳತೀನಿ, ಎಂಟು ವರ್ಷದಾಕಿ. ಹೇಳದ ಹೊಡದ್ರ ಅಳತಾಳ, ಕಾಯಿ ಚೆಲ್ಲಿ ಎದ್ದು ಹೋಗತಾಳ."

ಕ್ಯಾಂಪಿನ ಕಟ್ಟೆ ಕಣ್ಣ ಮುಂದೆ ಬಂತು. ಓವರ್‌ಸಿಯರ್ ಬಂದಾಗ ಅವರಿಬ್ಬರೂ ಆಡುತ್ತಿದ್ದರು, ನಾನು ಚಹಾ ಒಯ್ದು ಕೊಟ್ಟು ಕಂಬಕ್ಕೆ ಒರಗಿ ನೋಡುತ್ತಿದ್ದೆ. ಒಮ್ಮೆ ನನ್ನ ಗಂಡ ಓವರ್‌ಸಿಯರನ ವಜೀರನನ್ನು ಸದ್ದಿಲ್ಲದೆ ಎತ್ತಿಕೊಂಡಿದ್ದ. ಕಟ್ಟೆ ಬಡಿದಿರಲಿಲ್ಲ. ಓವರ್‌ಸಿಯರ್ ಹಣೆ ಬಡಿದುಕೊಂಡು ನಕ್ಕಿದ್ದ, ಜಗಳ ತೆಗೆದಿರಲಿಲ್ಲ. ಸಾಹೇಬರಿಗೆ ಕಾಯ್ದೆ ಗೊತ್ತಿಲ್ಲ, ಪಾಪ, ಎಂದು ನಾನು ಅಂದುಕೊಂಡಿದ್ದೆ. ಪಾಪ ಅಂದದ್ದು ನಾನು, ಅವರನ್ನು ನೋಡಿ.

ಕಂಪೌಂಡರನಿಗೆ ಹೇಳಿದೆ, "ತಮ್ಮಾ, ನೀ ಕದ್ದಿಲ್ಲ. ಕಳ್ಳ ಅಂದದ್ದು ತಪ್ಪಾತು. ಸುರಪುರದಾಗ ಎಲ್ಲಾರ ಮುಂದ ಇದನ್ನ ಹೇಳತೀನಿ."

"ಬ್ಯಾಡ ಬಿಡ್ರಿ."

"ಬ್ಯಾಡ ಅನಬ್ಯಾಡ. ಬ್ಯಾಡ ಬ್ಯಾಡ ಅಂತ ಕೇಳಿ ಕೇಳಿ ನನಗ ಸಾಕಾಗೈತಿ. ಇದನ್ನ ಬರಿಯೋದು ಹೆಂಗ, ಅದನ್ನ ಹೇಳು."

ಅವನು ದನದ ಜಂತಿನ ಔಷಧದ ಖಾಲಿ ಡಬ್ಬಿಯೊಂದನ್ನು ಹರಿದು ಅದರ ಒಳಮೈ ಮೇಲೆ ಎಂಟು ಇಂಗ್ಲಿಷ್ ಅಕ್ಷರ ಬರೆದ, ಒಂದೊಂದರ ಕೆಳಗೆ ಕನ್ನಡದಲ್ಲಿ ಎ, ಬಿ, ಸಿ ಎಂದು ಬರೆದ. ಉದ್ದ ಸಾಲಿಗೆ ಅಕ್ಷರ, ಅಡ್ಡ ಸಾಲಿಗೆ ಅಂಕಿ. ಕಾಯಿಯ ಹೆಸರನ್ನು ಕನ್ನಡದ ಮೊದಲ ಅಕ್ಷರದಲ್ಲಿ ಬರೆದರೂ ನಡೆಯುತ್ತದೆ, ವಜೀರನಿಗೆ ವ, ಕುದುರೆಗೆ ಕು. "ಎಂಟೇ ಅಕ್ಷರ ರಿ" ಎಂದ. ಇಷ್ಟು ದಿನ ನನ್ನನ್ನು ಹೊರಗಿಟ್ಟದ್ದು ಎಂಟು ಅಕ್ಷರ. ಒಂದು ತಾಸಿನಲ್ಲಿ ಬಂದವು.

ಬಸ್ಸಿನಲ್ಲಿ ಬರುವಾಗ ಸತ್ತ ಗಂಡನಿಗೆ ಮನಸ್ಸಿನಲ್ಲಿ ಬೈದೆ. ಮನೆಗೆ ಬಂದು ಬಾಯಿಬಿಟ್ಟು ಬೈದೆ. ಮಗಳು ಎಲ್ಲ ಕೇಳಿಕೊಂಡು ಕಣ್ಣಲ್ಲಿ ನೀರು ತಂದುಕೊಂಡಳು.

"ಎವ್ವಾ, ಅಪ್ಪಗ ನಿನ್ನ ಮ್ಯಾಲ ಎಷ್ಟು ಜೀವ ಇತ್ತು ನೋಡು. ನೀ ಸೋಲಬಾರ್ದಂತ..."

"ಜೀವ ಅಲ್ಲ. ಅವಗ ಮಧ್ಯಾಹ್ನ ಕಳೀಬೇಕಿತ್ತು. ನಾ ಎದ್ದು ಹೋದ್ರ ಅವನ ಜೋಡಿ ಆಡಾಕ ಯಾರಿದ್ರು, ಎಮ್ಮಿ?"

"ಹಂಗ್ಯಾಕ ಅಂತಿ?"

"ಸಣ್ಣ ಕೂಸಿನ ಆಟ ಆಡಸ್ಯಾನ ನನ್ನ. ಮೂವತ್ತೊಂದು ವರ್ಷ. ನಾ ಗೆದ್ದೀನಿ ಗೆದ್ದೀನಿ ಅಂತ ಊರ ತುಂಬಾ ಹೇಳಕೋತ ತಿರಗೀನಿ."

ಮಗಳಿಗೆ ಅದು ತಿಳಿಯಲಿಲ್ಲ. ಈ ಕಥೆ ಕೇಳಿದ ಹೆಂಗಸರೆಲ್ಲ ಅವಳಂತೆಯೇ ಹೇಳುತ್ತಾರೆ, ಗಂಡ ಎಂದರೆ ಹಾಗಿರಬೇಕು ಎಂದು. ನನಗೆ ಮೈ ಉರಿಯುತ್ತದೆ. ಅವನು ನನಗೆ ಹೊಡೆದವನಲ್ಲ, ಕುಡಿದವನಲ್ಲ, ಅದು ಬೇರೆ. ಆದರೆ ಒಬ್ಬರಿಗೆ ಆಟ ಕಲಿಸುತ್ತೇನೆ ಎಂದು ಹೇಳಿ ನೋಡುವುದನ್ನೇ ಕಲಿಸದೆ ಹೋದರೆ ಅದು ಕಲಿಸಿದ್ದಲ್ಲ. ನಾನು ಗೆದ್ದ ಆಟಗಳಲ್ಲಿ ಎಷ್ಟು ನನ್ನವು, ಎಷ್ಟು ಆ ಕಾಯ್ದೆಯವು? ಕೇಳೋಣವೆಂದರೆ ಅವನಿಲ್ಲ. ಬರೆದಿಟ್ಟ ಹಾಳೆಯೂ ಇಲ್ಲ. ಅವನು ಸತ್ತಾಗ ಅತ್ತದ್ದಕ್ಕಿಂತ ಹೆಚ್ಚು ಸಿಟ್ಟು ಆ ವಾರ ಬಂತು.

ಸಿಟ್ಟಿನಲ್ಲಿಯೇ ಬರೆಯಲು ಕೂತೆ. ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಿಂದ ಬೋರ್ಡ್ ಬರೆದು, ಗುಂಡಿಗಳನ್ನೇ ಕಾಯಿ ಮಾಡಿ, ನನ್ನ ಜೊತೆ ನಾನೇ ಆಡಿದೆ. ಒಂದು ನಡೆ, ಒಂದು ಬರಹ. ಮೊದಲು ಬರೆಯುವಷ್ಟರಲ್ಲಿ ಏನು ಆಡಬೇಕೆಂದಿದ್ದೆ ಎಂಬುದು ಮರೆಯುತ್ತಿತ್ತು. ಆಮೇಲೆ ಒಂದು ವಿಷಯ ತಿಳಿಯಿತು. ಎದುರಿನ ನಡೆಯನ್ನು ಬರೆಯಬೇಕಾದರೆ ಅದನ್ನು ನೋಡಲೇಬೇಕು. ಕುದುರೆ ಎಲ್ಲಿಗೆ ಬಂತು ಎಂದು ಬರೆಯುವಾಗ ಅದು ಅಲ್ಲಿಗೆ ಯಾಕೆ ಬಂತು ಎಂದು ಕಣ್ಣು ತಾನೇ ಕೇಳುತ್ತದೆ. "ನಿಮಗ್ಯಾಕ ತ್ರಾಸು" ಎಂದು ಮಾಸ್ತರ ನನ್ನಿಂದ ಕಿತ್ತುಕೊಂಡದ್ದು ಇದನ್ನು. ಅವನ ಮೇಲೂ ಸಿಟ್ಟು ಬಂತು.

ಗೊತ್ತು ಮಾಡಿದ ಭಾನುವಾರ ಆ ಕಾಲೇಜಿನ ವಿದ್ಯಾರ್ಥಿಯ ಜೊತೆಯೇ ಆಡಿ ಬರೆದು ತೋರಿಸಿದೆ. ಮಾಸ್ತರ ಕನ್ನಡಕ ಏರಿಸಿ ನೋಡಿದ. ಹನ್ನೆರಡನೆಯ ನಡೆಯಲ್ಲಿ ಡಿ ಎನ್ನುವ ಅಕ್ಷರ ಹಿಂದುಮುಂದಾಗಿತ್ತು. "ಇದು ಬಿ ಆಗೈತಿ. ಇಲ್ಲಿ ತಪ್ಪೈತ್ರಿ ಆಯಿ, ಆದ್ರೂ ಇರಲಿ" ಎಂದ.

"ಇರಲಿ ಅನಬ್ಯಾಡ್ರಿ. ತಪ್ಪಿದ್ರ ತಪ್ಪು ಅನ್ರಿ. ಇನ್ನೊಂದು ಆಡತೀನಿ, ಇನ್ನೊಂದು ಬರೀತೀನಿ."

ಅವನು ನನ್ನ ಮುಖ ನೋಡಿದ. ಮೊದಲ ಸಲ ಅವನಿಗೂ ಸಿಟ್ಟು ಬಂತು. "ಹಂಗಾದ್ರ ಕುಂದರ್ರಿ. ಕಾಲೇಜಿನಾವ ಹೋದ್ರ ನಾ ಅದೀನಿ. ಈಗ ತಪ್ಪಿದ್ರ ಬೋರ್ಡ್ ಇಲ್ಲ, ಖರೇನ ಇಲ್ಲ." ಎರಡನೆಯ ಆಟವನ್ನು ಅವನೇ ಆಡಿದ. ನಾನು ಸೋತೆ, ಆದರೆ ಬರೆದದ್ದರಲ್ಲಿ ತಪ್ಪಿರಲಿಲ್ಲ. ಪಟ್ಟಿಯಲ್ಲಿ ಆ ಹುಡುಗನ ಹೆಸರು ಹೊಡೆದು ಹಾಕಿ ನನ್ನದನ್ನು ಬರೆದ. ಶಾಲಿನ ಮಾತು ಮತ್ತೆ ಬರಲಿಲ್ಲ.

ಸುರಪುರದಲ್ಲಿ ಪಂದ್ಯ ಒಂದು ಸಾಲೆಯ ಖೋಲಿಯಲ್ಲಿತ್ತು. ಕೂರುವ ಮೊದಲು ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ, "ಈ ಮನಶ್ಯಾ ಕಳ್ಳ ಅಲ್ಲ. ನಾ ನೋಡಲಿಲ್ಲ, ಅವ ಹೊಡದ. ಇನ್ನ ಯಾರರೆ ಇವಗ ಕಳ್ಳ ಅಂದ್ರ ನನ್ನ ಕೂಡ ಮಾತಾಡ್ರಿ." ಹೋದ ಸಲ ರಿಜಿಸ್ಟ್ರಿ ಎಂದು ಕೂಗಿದವನು ಕೆಮ್ಮಿದ. ಕಂಪೌಂಡರ್ ತಲೆ ತಗ್ಗಿಸಿ ಕಾಯಿ ಜೋಡಿಸಿದ.

ಆಟ ಶುರುವಾಯಿತು. ಹದಿನಾರನೆಯ ನಡೆಗೆ ಅವನ ಒಂಟೆ ನನ್ನ ವಜೀರನ ಮೇಲೆ ಬಂತು, ಸದ್ದಿಲ್ಲದೆ. ನಾನು ಬರೆದೆ, ನೋಡಿದೆ, ವಜೀರನನ್ನು ಪಕ್ಕಕ್ಕೆ ತೆಗೆದೆ. ಅವನ ಮುಖದಲ್ಲಿ ಏನೂ ಕಾಣಲಿಲ್ಲ. ಇಪ್ಪತ್ತೆರಡಕ್ಕೆ ಮತ್ತೆ ಬಂದ, ಮತ್ತೆ ತೆಗೆದೆ. ಒಳಗೆ ಒಂದು ಹಟಮಾರಿ ಸಂತೋಷ ಇತ್ತು.

ಇಪ್ಪತ್ತೇಳನೆಯ ನಡೆ. ನನ್ನ ಆನೆಗೆ ದಾರಿ ತೆರೆದಿತ್ತು. ಅದನ್ನು ದೂಡಿದರೆ ಅವನ ವಜೀರನ ಮೇಲೆ ಬೀಳುತ್ತದೆ. ಅವನು ತನ್ನ ಹಾಳೆಯಲ್ಲಿ ಏನೋ ತಿದ್ದುತ್ತಿದ್ದ, ಈ ಕಡೆ ನೋಡುತ್ತಿರಲಿಲ್ಲ. ಆನೆಯನ್ನು ಎತ್ತಿ ಇಟ್ಟೆ. ಇಟ್ಟು ಕೈ ಬಿಡುವಷ್ಟರಲ್ಲಿ ನನ್ನ ಬಾಯಿ ಹೇಳಿತು:

"ವಜೀರ."

ನಾನು ಹೇಳಬೇಕೆಂದು ಹೇಳಲಿಲ್ಲ. ಬಾಯಿ ಹೇಳಿತು. ಖೋಲಿಯಲ್ಲಿದ್ದವರು ತಲೆ ಎತ್ತಿದರು. ಮಾಸ್ತರ ದೂರದಿಂದ "ಮಾತಾಡಬ್ಯಾಡ್ರಿ ಆಯಿ" ಎಂದು ಹಲ್ಲು ಕಚ್ಚಿ ಹೇಳಿದ. ಕಂಪೌಂಡರ್ ಹಾಳೆಯಿಂದ ಕಣ್ಣೆತ್ತಿ ಬೋರ್ಡ್ ನೋಡಿದ. ನೋಡಿ ಬೆವರಿದ. ವಜೀರನನ್ನು ಮೂರು ಮನೆ ಹಿಂದೆ ತೆಗೆದ.

ಆ ಕ್ಷಣ ನನ್ನ ಗಂಡ ಬದುಕಿ ಎದುರಿಗೆ ಬಂದಿದ್ದರೆ ಬೋರ್ಡನ್ನು ಅವನ ತಲೆಗೆ ಹಾಕುತ್ತಿದ್ದೆ. ನೋಡುವುದನ್ನು ಮೂರು ವಾರದಲ್ಲಿ ಕಲಿತೆ. ಹೇಳದೆ ಇರುವುದನ್ನು ಕಲಿಯಬೇಕು ಎಂಬುದು ಹೊಳೆದೇ ಇರಲಿಲ್ಲ.

ಎದ್ದು ಹೋಗಲಿಲ್ಲ. ಕಾಯಿ ಚೆಲ್ಲಲಿಲ್ಲ. ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ಆಡಿದೆ. ವಜೀರರು ಇಬ್ಬರೂ ಹೊಡೆದಾಡಿ ಹೋದರು, ಆನೆಗಳು ಹೋದವು. ಕೊನೆಗೆ ಅವನಿಗೆ ರಾಜನೊಬ್ಬ, ನನಗೆ ರಾಜ ಮತ್ತು ಒಂದು ಪ್ಯಾದೆ ಉಳಿದವು. ಪ್ಯಾದೆ ಆ ತುದಿ ಮುಟ್ಟಿದರೆ ವಜೀರನಾಗುತ್ತದೆ, ನಾನು ಗೆಲ್ಲುತ್ತೇನೆ. ನಾನು ಪ್ಯಾದೆ ದೂಡಿದೆ. ಅವನು ರಾಜನನ್ನು ಅಡ್ಡ ತಂದ. ದೂಡಿದೆ, ಅಡ್ಡ ತಂದ. ಕೊನೆಯ ಮನೆಯ ಹಿಂದಿನ ಮನೆಗೆ ಪ್ಯಾದೆ ಬಂತು, ಅದನ್ನು ಕಾಯಲು ನನ್ನ ರಾಜ ಅದರ ಬೆನ್ನಿಗೆ ನಿಂತ. ಆಗ ಅವನ ರಾಜನಿಗೆ ಶಹ ಇರಲಿಲ್ಲ, ಕಾಲಿಡಲು ಒಂದು ಮನೆಯೂ ಇರಲಿಲ್ಲ. ಅಂಥ ಆಟ ಯಾರದೂ ಅಲ್ಲ, ಸಮ ಆಗುತ್ತದೆ. ಅರ್ಧ ಪಾಯಿಂಟ್ ಅವನಿಗೆ, ಅರ್ಧ ನನಗೆ.

ಕಂಪೌಂಡರ್ ಉಸಿರು ಬಿಟ್ಟ. "ಆಯಿ, ನೀವು ಬಾಯಿ ಬಿಡದಿದ್ರ ನನ್ನ ವಜೀರ ಹೋಗ್ತಿತ್ರಿ. ನಾ ನೋಡಿದ್ದೇ ಇಲ್ಲ."

"ಗೊತ್ತೈತಿ. ಸುಮ್ನ ಸಹಿ ಮಾಡು."

ಶಹಾಪುರಕ್ಕೆ ಬರುವ ಬಸ್ಸಿನಲ್ಲಿ ಮಾಸ್ತರ ನನ್ನ ಪಕ್ಕದಲ್ಲಿ ಕೂತ. "ಅರ್ಧ ಪಾಯಿಂಟ್ ತಂದ್ರಿ" ಎಂದ.

"ಪೂರಾ ಬರಬೇಕಿತ್ತು."

"ಬರಬೇಕಿತ್ತು. ಬಾಯಿ ಮುಚಗೊಂಡು ಆಡಬೇಕಿತ್ತು" ಎಂದು ಬೈದ. ಅವನು ಬೈದದ್ದು ಸರಿಯಾಗಿತ್ತು. ಸ್ವಲ್ಪ ಹೊತ್ತಿಗೆ ಅವನಿಗೆ ನಿದ್ದೆ ಹತ್ತಿತು.

ನಾನು ಹಾಳೆ ತೆಗೆದು ತೊಡೆಯ ಮೇಲೆ ಹರಡಿ ಬೆರಳಿಟ್ಟು ಓದಿದೆ. ಇಪ್ಪತ್ತೇಳರಲ್ಲಿ ಬೆರಳು ನಿಂತಿತು, ಗಂಡನಿಗೆ ಇನ್ನೊಂದು ಸಲ ಬೈದೆ, ಮುಂದೆ ಹೋದೆ. ನಲವತ್ತೆಂಟರಲ್ಲಿ ಬೆರಳು ಮತ್ತೆ ನಿಂತಿತು. ಅಲ್ಲಿ ನನ್ನ ರಾಜ ಪ್ಯಾದೆಯ ಪಕ್ಕದಲ್ಲಿದ್ದ. ಅವನನ್ನು ಪ್ಯಾದೆಯ ಮುಂದೆ ನಡೆಸಿ, ಅವನ ಹಿಂದೆ ಪ್ಯಾದೆಯನ್ನು ತಂದಿದ್ದರೆ ಎದುರಿನ ರಾಜ ದಾರಿ ಬಿಡಲೇಬೇಕಾಗಿತ್ತು. ಬೆರಳಿನಿಂದ ತೊಡೆಯ ಮೇಲೆ ಮನೆ ಎಣಿಸಿ ಎರಡು ಸಲ ನೋಡಿದೆ. ದಾರಿ ಬಿಡುತ್ತಿದ್ದ. ನಾನು ಅವಸರ ಮಾಡಿ ಪ್ಯಾದೆಯನ್ನು ಮೊದಲು ದೂಡಿದ್ದೆ. ಇಪ್ಪತ್ತೇಳರಲ್ಲಿ ಹೋದ ಆಟ ನಲವತ್ತೆಂಟರಲ್ಲಿ ತಿರುಗಿ ನನ್ನ ಕೈಗೆ ಬಂದಿತ್ತು, ನಾನು ಬಿಟ್ಟೆ. ಅಲ್ಲಿ ಯಾರೂ ನನಗೆ ತಪ್ಪು ಕಾಯ್ದೆ ಹೇಳಿರಲಿಲ್ಲ. ಯಾರೂ ಬರೆಯಬೇಡ ಎಂದಿರಲಿಲ್ಲ. ಸಿಟ್ಟು ಯಾರ ಮೇಲೆ ಹಾಕಲಿ ಎಂದು ಹುಡುಕಿದೆ, ಯಾರೂ ಸಿಗಲಿಲ್ಲ.

ಮೊಣಕೈಯಿಂದ ಮಾಸ್ತರನನ್ನು ತಿವಿದೆ.

"ಏನ್ರಿ? ಊರು ಬಂತೇನು?"

"ಇನ್ನಾ ಬಂದಿಲ್ಲ. ನಲವತ್ತೆಂಟನೇದು ನೋಡ್ರಿ. ರಾಜ ಮೊದಲು ಹೋಗಬೇಕಿತ್ತು, ಹೌದಿಲ್ಲೊ?"

ಅವನು ಕನ್ನಡಕ ಹುಡುಕಿ ಹಾಕಿಕೊಂಡು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದ.